ಕಥೋಲಿಕರು ಕೊರಳಿಗೆ ಹಾಕುವ ಪದಕ ತಾಯಿತವೇ?

ಅಲ್ಲ. ತಾಯಿತದ ಶಕ್ತಿ ತಾಯಿತದಲ್ಲೇ ಇದೆಯೆಂದು ನಂಬುತ್ತಾರೆ. ಪದಕದ ಲೋಹಕ್ಕೆ ಅಂಥ ಶಕ್ತಿಯೇನೂ ಇಲ್ಲ ಎನ್ನುತ್ತದೆ ಧರ್ಮಸಭೆ, ಅಂದರೆ ಕಥೋಲಿಕ ಚರ್ಚ್. ಗುರುಗಳು ಅದನ್ನು ಆಶೀರ್ವದಿಸಿದಾಗ ಇಡೀ ಧರ್ಮಸಭೆಯ ಪ್ರಾರ್ಥನೆ ಜೊತೆಗೂಡುತ್ತದೆ; ಫಲ ಮಾತ್ರ ಧರಿಸಿದವರ ವಿಶ್ವಾಸದ ಮೂಲಕ. ಹಾಕಿಕೊಂಡು ಮರೆತರೆ ಬರೀ ಆಭರಣ.

1832ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಅಚ್ಚಾದ ‘ಅದ್ಭುತ ಪದಕ’ವನ್ನೇ ನೋಡಿ. ಮುಂದೆ ಭೂಗೋಳದ ಮೇಲೆ ನಿಂತ ಮಾತೆ ಮರಿಯ, ಕೈಗಳಿಂದ ಇಳಿಯುವ ಕಿರಣಗಳು, ಅಂಚಿನ ಸುತ್ತ ಒಂದು ಸಾಲಿನ ಪ್ರಾರ್ಥನೆ. ಹಿಂದೆ ಶಿಲುಬೆ ಹೊತ್ತ ‘ಎಂ’ ಅಕ್ಷರ, ಎರಡು ಹೃದಯ, 12 ನಕ್ಷತ್ರ. ಪದಕ ಕೈಗೆ ತಾಗಿದಾಗ ಆ ಸಾಲು ಹೇಳಿಕೊಳ್ಳುವುದೇ ನಿಜವಾದ ಬಳಕೆ.

ಆಶೀರ್ವದಿಸಿದ ಪದಕ ಮುರಿದರೆ ಕಸಕ್ಕೆ ಎಸೆಯುವುದಿಲ್ಲ; ಕರಗಿಸುತ್ತಾರೆ, ಇಲ್ಲವೇ ಮಣ್ಣಲ್ಲಿ ಹೂಳುತ್ತಾರೆ.