ಹೊಟ್ಟೆ ತುಂಬಿದಾಗ ಕ್ಯಾರಮೆಲ್ ಕಸ್ಟರ್ಡ್ ಅನ್ನು ಪಾರ್ಸೆಲ್ ತರುವುದು ಸರಿಯೇ?

ಸಾಧಾರಣ ಹೋಟೆಲಿನ ಮಧ್ಯಾಹ್ನದ ಊಟ ಎಣಿಸಿದ್ದಕ್ಕಿಂತ ಚೆನ್ನಾಗಿತ್ತೆಂದೂ, ಹೊಟ್ಟೆಯಲ್ಲಿ ಜಾಗವಿಲ್ಲದ್ದರಿಂದ ಸಿಹಿಯನ್ನು ಬಿಟ್ಟು ಬಂದಿರೆಂದೂ ಬರೆದು, ಮುಂದಿನ ಸಲ ಪಾರ್ಸೆಲ್ ತರಬಹುದೇ ಎಂದು ಕೇಳಿದ್ದೀರಿ. ನಾನು ಹಾಗೆ ಪಾರ್ಸೆಲ್ ತಂದವನು.

ಅಂದು ನಾನೂ ಅಕ್ಕನೂ ಮಳೆಯಿಂದ ತಪ್ಪಿಸಿಕೊಳ್ಳಲು, ಎದುರಿಗೆ ಸಿಕ್ಕ ಪುಟ್ಟ ಹೋಟೆಲೊಂದನ್ನು ಹೊಕ್ಕೆವು. ಏಳೆಂಟು ಮೇಜು, ಅಂಚು ಸವೆದ ಮೆನು; ಹಸಿವು ತೀರಿದರೆ ಸಾಕೆಂದುಕೊಂಡಿದ್ದೆವು. ಆದರೆ ಮೊದಲು ಬಂದ ಟೊಮೆಟೊ ಸೂಪಿನಲ್ಲೇ ಒಳಗೆ ಯಾರೋ ಮನಸ್ಸಿಟ್ಟು ಅಡುಗೆ ಮಾಡುತ್ತಿದ್ದಾರೆಂಬುದು ತಿಳಿಯಿತು. ಈರುಳ್ಳಿಯನ್ನು ಕಂದುಬಣ್ಣ ಬರುವವರೆಗೆ ಆತುರವಿಲ್ಲದೆ ಹುರಿದಿದ್ದರು. ಈರುಳ್ಳಿಯ ಆ ಸಿಹಿಯು ಟೊಮೆಟೊದ ಹುಳಿಯ ಕೆಳಗೆ ಮೆಲ್ಲನೆ ಉಳಿದಿತ್ತು. ಆಮೇಲಿನ ಪಾಸ್ತಾ ಎಷ್ಟು ಹಿಡಿಸಿತೆಂದರೆ ನಾನು ಇನ್ನೊಂದು ತಟ್ಟೆ ತರಿಸಿದೆ.

ಅಕ್ಕ ಮಾತ್ರ ಒಂದು ತಟ್ಟೆಗೆ ನಿಲ್ಲಿಸಿ ಕ್ಯಾರಮೆಲ್ ಕಸ್ಟರ್ಡ್ ಹೇಳಿದಳು. ತಟ್ಟೆ ಮೇಜಿಗೆ ತಾಗಿದಾಗ ಅದು ಒಮ್ಮೆ ನಡುಗಿ ನಿಂತಿತು. ಚಮಚದಿಂದ ಕತ್ತರಿಸಿದ ಮೈಯಲ್ಲಿ ಒಂದೇ ಒಂದು ರಂಧ್ರವಿರಲಿಲ್ಲ. ಹಾಲು ಮತ್ತು ಮೊಟ್ಟೆಯ ಮಿಶ್ರಣ 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಗಟ್ಟಿಗೊಳ್ಳುತ್ತದೆ. ಕಾವು ಅದಕ್ಕಿಂತ ಬಹಳ ಏರಿದರೆ ಮೊಟ್ಟೆಯ ಪ್ರೋಟೀನು ಬಿಗಿದುಕೊಂಡು ನೀರು ಬಿಡುತ್ತದೆ, ಮೈಯೆಲ್ಲ ತೂತಾಗುತ್ತದೆ. ಅದಕ್ಕಾಗಿಯೇ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೇಯಿಸುತ್ತಾರೆ. ಸಕ್ಕರೆಯನ್ನೂ ಕಹಿಯ ಅಂಚಿನವರೆಗೆ ಕರಗಿಸಿ, ಕರಕಲಾಗುವ ಮುನ್ನ ಇಳಿಸಿದ್ದರು. ನಾನು ಒಂದೇ ಚಮಚ ತಿಂದೆ, ಅಷ್ಟಕ್ಕೇ ಮಾತು ನಿಂತಿತು.

ಆಗ ಮಾಡಿದ ತಪ್ಪನ್ನು ವಿವರವಾಗಿಯೇ ಹೇಳಬೇಕು. ಸಂಜೆ ಹಸಿವಾದಾಗ ಸಾವಧಾನವಾಗಿ ತಿನ್ನೋಣವೆಂದು ನನ್ನ ಪಾಲಿನದನ್ನು ಕಟ್ಟಿಕೊಡಲು ಹೇಳಿ, ಡಬ್ಬಿಯನ್ನು ಚೀಲದಲ್ಲಿ ನೆಟ್ಟಗೆ ತುರುಕಿದೆ. ಕಸ್ಟರ್ಡ್ ನಿಂತಿರುವುದೇ ನೀರನ್ನು ಹಿಡಿದಿಟ್ಟುಕೊಂಡ ಮೊಟ್ಟೆಯ ತೆಳುವಾದ ಬಲೆಯ ಮೇಲೆ; ದಾರಿಯ ಪ್ರತಿಯೊಂದು ಕುಲುಕಾಟಕ್ಕೂ ಆ ಬಲೆ ಹರಿಯುತ್ತದೆ. ಮನೆಯಲ್ಲಿ ಮುಚ್ಚಳ ತೆಗೆದರೆ ಕಂದು ನೀರಿನಲ್ಲಿ ಹಳದಿ ತುಣುಕುಗಳು ತೇಲುತ್ತಿದ್ದವು. ರೂಪ ಕೆಟ್ಟರೇನು, ರುಚಿ ಇರುತ್ತದಲ್ಲ ಎಂದು ನೀವು ಹೇಳಬಹುದು. ನಾನೂ ಹಾಗೆಂದುಕೊಂಡೇ ಬಾಯಿಗಿಟ್ಟೆ. ಆದರೆ ಹೋಟೆಲಿನಲ್ಲಿ ಹಿತವಾಗಿದ್ದ ಆ ಕಹಿ ಇಲ್ಲಿ ಬರೀ ಕಹಿಯಾಗಿತ್ತು. ಅಲ್ಲಿ ಅದಕ್ಕೆ ಮೊದಲು ಟೊಮೆಟೊದ ಹುಳಿಯಿತ್ತು, ಪಾಸ್ತಾದ ಉಪ್ಪು ಮತ್ತು ಬೆಣ್ಣೆಯಿತ್ತು, ಎದುರಿಗೆ ಅಕ್ಕನಿದ್ದಳು. ನಾನು ಕಟ್ಟಿಸಿಕೊಂಡು ಬಂದದ್ದು ಊಟದ ಕೊನೆಯ ಭಾಗವನ್ನು, ಊಟವನ್ನಲ್ಲ. ಎರಡು ತಿಂಗಳ ಬಳಿಕ ಮತ್ತೆ ಹೋದಾಗ ಆ ಅಡುಗೆಯವರು ಕೆಲಸ ಬಿಟ್ಟಿದ್ದರು. ಕಸ್ಟರ್ಡ್ ಮೆನುವಿನಲ್ಲಿ ಇನ್ನೂ ಇತ್ತು. ತಟ್ಟೆಯಲ್ಲಿ ಬಂದದ್ದು ತೂತುತೂತಾಗಿ, ಬರೀ ಸಿಹಿಯಾಗಿತ್ತು.

ಆದ್ದರಿಂದ ತರುವುದೋ ಬಿಡುವುದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೊಟ್ಟೆ ತುಂಬಿತ್ತು ಎನ್ನುತ್ತೀರಿ. ಬಹುಪಾಲು ದಣಿದಿದ್ದದ್ದು ನಿಮ್ಮ ನಾಲಿಗೆ. ಒಂದೇ ರುಚಿಯನ್ನು ತಿನ್ನುತ್ತಾ ಹೋದಂತೆ ಅದರ ಮೇಲಿನ ಆಸೆ ಇಳಿಯುತ್ತದೆ, ಇನ್ನೂ ತಿನ್ನದಿರುವ ರುಚಿಯ ಮೇಲಿನ ಆಸೆ ಅಷ್ಟು ಇಳಿಯುವುದಿಲ್ಲ ಎಂಬುದನ್ನು ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಜೊತೆಗಾರರು 1981ರಲ್ಲೇ ಪ್ರಯೋಗಗಳಿಂದ ತೋರಿಸಿದ್ದಾರೆ. ನಾನು ಎರಡನೆಯ ತಟ್ಟೆಯನ್ನು ತರಿಸಿದ್ದು ಹಸಿವಿನಿಂದಲ್ಲ, ಒಳ್ಳೆಯದು ಸಿಕ್ಕಿತೆಂಬ ಸಂಭ್ರಮದಿಂದ. ಮೆನುವಿನಲ್ಲಿ ಮೊದಲು ಸಿಹಿಯನ್ನು ನೋಡಿ, ಅದಕ್ಕೆ ತಕ್ಕಂತೆ ಊಟ ಹೇಳಿ. ಜೊತೆಗೆ ಯಾರಾದರೂ ಇದ್ದರೆ ಒಂದು ಕಸ್ಟರ್ಡಿಗೆ ಎರಡು ಚಮಚ ಕೇಳಲು ಸಂಕೋಚಪಡಬೇಡಿ. ಊಟ ಮುಗಿದ ಮೇಲೆ ಹತ್ತು ನಿಮಿಷ ಸುಮ್ಮನೆ ಕುಳಿತು ಮಾತನಾಡಿ, ಆಮೇಲೆ ತರಿಸಿ. ಅಷ್ಟಾದರೂ ಬೇಡವೆನಿಸಿದರೆ ಅಂದು ಬಿಟ್ಟುಬಿಡಿ, ಕಟ್ಟಿಸಿಕೊಳ್ಳಬೇಡಿ. ಆದರೆ ಮತ್ತೆ ಹೋಗುವುದನ್ನು ನನ್ನಂತೆ ಎರಡು ತಿಂಗಳು ಮುಂದೂಡದೆ, ಆ ಅಡುಗೆಯವರು ಅಲ್ಲಿರುವಾಗಲೇ, ಈ ವಾರವೇ ಹೋಗಿ ಬನ್ನಿ.