ಡಾಲರ್ ಸಾಲ, ನಳದ ನೀರು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮೂರ 24×7 ನೀರಿನ ಯೋಜನೆಗೆ ವಿಶ್ವಬ್ಯಾಂಕ್ ರೊಕ್ಕ ಕೊಟ್ಟಿದೆ ಅಂತಾರೆ. ಹಾಗಿದ್ದ ಮೇಲೆ ನಾವು ಮೀಟರ್ ಬಿಲ್ ಯಾಕೆ ತುಂಬಬೇಕು? (ಟಿಳಕವಾಡಿ, ಬೆಳಗಾವಿ)

ಉತ್ತರ: ಕೊಟ್ಟದ್ದು ಸಾಲ, ದಾನವಲ್ಲ. ಬಡ ದೇಶಗಳಿಗೆ ಅಗ್ಗದ ಸಾಲ ಕೊಡುವ ವಿಶ್ವಬ್ಯಾಂಕಿನ ಅಂಗಸಂಸ್ಥೆ ಐಡಿಎಯ ಪಟ್ಟಿಯಿಂದ ಭಾರತ 2014ರಲ್ಲೇ ಹೊರಬಿತ್ತು. ಈಗ ಸಿಗುವುದು ಮಾರುಕಟ್ಟೆ ದರಕ್ಕೆ ಹೊಂದಿಕೊಂಡ, ಬ್ಯಾಂಕಿನ ಇನ್ನೊಂದು ಅಂಗವಾದ ಐಬಿಆರ್‌ಡಿಯ ಸಾಲ. ಸಂವಿಧಾನದ 293ನೇ ವಿಧಿಯಂತೆ ರಾಜ್ಯ ದೇಶದೊಳಗಷ್ಟೇ ಸಾಲ ಎತ್ತಬಹುದು. ಆದ್ದರಿಂದ ವಿಶ್ವಬ್ಯಾಂಕಿನ ಸಾಲವನ್ನು ಕೇಂದ್ರ ಪಡೆದು ರಾಜ್ಯಕ್ಕೆ ದಾಟಿಸುತ್ತದೆ. 2005ರ ಏಪ್ರಿಲ್ 1ಕ್ಕೆ ಮುಂಚೆ ಅದನ್ನು ಶೇ. 70 ಸಾಲ, ಶೇ. 30 ಅನುದಾನವಾಗಿ ರೂಪಾಯಿಯಲ್ಲಿ ಕೊಡುತ್ತಿದ್ದರು, ಡಾಲರ್ ಏರಿದರೆ ಪೆಟ್ಟು ದಿಲ್ಲಿಗೆ. ಆಮೇಲಿನ ಸಾಲಗಳು ಬಂದ ಷರತ್ತಿನಲ್ಲೇ ರಾಜ್ಯದ ತಲೆಗೆ ಬೀಳುತ್ತವೆ, ರೂಪಾಯಿ ಕುಸಿದ ಹೊರೆಯೂ ಸೇರಿ.

ಜನರ ಕಣ್ಣಿಗೆ ಬೀಳದ ಖರ್ಚೆಂದರೆ ಕೆಲಸ ತಡವಾಗುವುದರದ್ದು. ಸಾಲದ ಮೇಲೆ ಆರಂಭದಲ್ಲೇ ಶೇ. 0.25 ಶುಲ್ಕ, ಎತ್ತದೆ ಉಳಿದ ಮೊತ್ತಕ್ಕೆ ವರ್ಷಕ್ಕೆ ಮತ್ತೆ ಶೇ. 0.25. ಹತ್ತು ಕೋಟಿ ಡಾಲರ್ ವರ್ಷವಿಡೀ ಹಾಗೇ ಬಿದ್ದಿದ್ದರೆ 2.5 ಲಕ್ಷ ಡಾಲರ್ ದಂಡ. ಡಾಲರಿಗೆ 85 ರೂಪಾಯಿ ಹಿಡಿದರೂ ಸುಮಾರು 2.12 ಕೋಟಿ ರೂಪಾಯಿ, ಒಂದು ಪೈಪೂ ಹೂಳದೆ! ತಡವಾಗುವುದಕ್ಕೆ ಕಾರಣವೂ ಇದೆ: ಹೆಚ್ಚಿನ ವೇಳೆ ರಾಜ್ಯವೇ ಮೊದಲು ಖರ್ಚು ಮಾಡಿ, ಲೆಕ್ಕ ಒಪ್ಪಿಸಿ, ಆಮೇಲೆ ಹಣ ಮರಳಿ ಪಡೆಯಬೇಕು. ಟೆಂಡರ್, ರಸ್ತೆ ಅಗೆಯುವ ಅನುಮತಿ, ಹಳೆಯ ಪೈಪುಗಳ ನಕ್ಷೆ, ಯಾವುದೊಂದು ಸಿಕ್ಕಿಹಾಕಿಕೊಂಡರೂ ಲೆಕ್ಕವೇ ಹೋಗುವುದಿಲ್ಲ.

ನಿಮ್ಮ ಬಿಲ್ಲಿನಿಂದ ನಡೆಯಬೇಕಾದ್ದು ಪಂಪಿನ ಕರೆಂಟು, ಸೋರಿಕೆಯ ದುರಸ್ತಿ. ಅಸಲು, ಬಡ್ಡಿ ಮಾತ್ರ ರಾಜ್ಯದ ಬೊಕ್ಕಸದಿಂದ, ಅಂದರೆ ಬೆಳಗಾವಿಯ ನಳ ಕಾಣದ ಸಿಂದಗಿಯವರ ತೆರಿಗೆಯಿಂದಲೂ.

ಪ್ರಶ್ನೆ: ಐಎಂಎಫ್‌ನಲ್ಲಿ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸುಧಾರಣೆ ಅಂತ ವರ್ಷಗಟ್ಟಲೆ ಕೇಳುತ್ತಿದ್ದೇವೆ, ಏನಾಯಿತು? (ವಿಜಯಪುರ)

ಉತ್ತರ: ಕಡಿಮೆಯೇ. ದೊಡ್ಡ ತೀರ್ಮಾನಗಳಿಗೆ ಶೇ. 85 ಮತ ಬೇಕು. ಅಮೆರಿಕದ ಬಳಿ ಸುಮಾರು ಶೇ. 16.5 ಮತವಿರುವುದರಿಂದ ಅದು ಒಬ್ಬಂಟಿಯಾಗಿಯೇ ತಡೆಯಬಲ್ಲದು. ಭಾರತದ ಪಾಲು ಶೇ. 2.6ರ ಆಸುಪಾಸು. 2010ರಲ್ಲಿ ಒಪ್ಪಿದ ಬದಲಾವಣೆ ಅಮೆರಿಕದ ಸಂಸತ್ತಿನಲ್ಲಿ ಕೂತು, ಜಾರಿಯಾದದ್ದು 2016ರ ಜನವರಿಯಲ್ಲಿ. 2023ರ ಡಿಸೆಂಬರಿನಲ್ಲಿ ಎಲ್ಲರ ಕೋಟಾ, ಅಂದರೆ ಮತದ ಬಲ ನಿರ್ಧರಿಸುವ ಬಂಡವಾಳದ ಪಾಲು, ಒಂದೇ ಪ್ರಮಾಣದಲ್ಲಿ ಶೇ. 50 ಏರಿಸಲು ಒಪ್ಪಿದರು. ಎಲ್ಲರದ್ದೂ ಏರಿದರೆ ಯಾರ ಪಾಲೂ ಬದಲಾಗುವುದಿಲ್ಲ.

ಪ್ರಶ್ನೆ: ಇಂಥ ಸಾಲದ ಕಾಮಗಾರಿಯಿಂದ ನಷ್ಟವಾದರೆ ನೇರ ದೂರು ಕೊಡಲು ದಾರಿಯಿದೆಯೇ? (ನವನಗರ, ಬಾಗಲಕೋಟೆ)

ಉತ್ತರ: ಇದೆ. ನಿಮ್ಮ ಜಿಲ್ಲೆಗೇ ಇದರ ಅರಿವು ಹೆಚ್ಚು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಕೊಟ್ಟ ಸಾಲದ ಹಣವನ್ನು ಪುನರ್ವಸತಿ ಸರಿಯಿಲ್ಲವೆಂದು 1990ರ ದಶಕದಲ್ಲಿ ವಿಶ್ವಬ್ಯಾಂಕ್ ತಡೆಹಿಡಿದಿತ್ತು. 1993ರಲ್ಲಿ ವಿಶ್ವಬ್ಯಾಂಕ್ ಇಂಥ ದೂರು ಕೇಳುವ ಮಂಡಳಿಯಾಗಿ ಇನ್‌ಸ್ಪೆಕ್ಷನ್ ಪ್ಯಾನೆಲ್ ಸ್ಥಾಪಿಸಿತು. ಬಾಧಿತರಲ್ಲಿ ಇಬ್ಬರಾದರೂ ಸೇರಿ ಪತ್ರ ಬರೆಯಬೇಕು. ಕನ್ನಡದಲ್ಲೇ ಬರೆಯಬಹುದು, ಶುಲ್ಕವಿಲ್ಲ, ಹೆಸರು ಗುಟ್ಟಾಗಿಡಲು ಕೇಳಬಹುದು.

ಪತ್ರದಲ್ಲಿ ಯೋಜನೆಯ ಹೆಸರು, ಜಾಗ, ಆದ ಅಥವಾ ಆಗಲಿರುವ ಹಾನಿ ಇರಲಿ. ಮೊದಲು ಬ್ಯಾಂಕಿನ ಸಿಬ್ಬಂದಿಗೆ ತಿಳಿಸಿದ್ದರ ಪುರಾವೆ, ಅಂದರೆ ಇ-ಮೇಲ್, ರಶೀದಿ, ಸಭೆಯ ತಾರೀಖು, ಜೊತೆಗಿಡಿ. ಹಲವು ದೂರುಗಳು ಎಡವುವುದು ಇಲ್ಲೇ. ಟೆಂಡರ್ ಅಕ್ರಮದ ದೂರು ಇಲ್ಲಿ ನಡೆಯದು. ಯೋಜನೆ ಮುಗಿದು ಬಹಳ ಕಾಲವಾದರೆ ತೆಗೆದುಕೊಳ್ಳುವುದಿಲ್ಲ. ಪ್ಯಾನೆಲ್ ನಿಯಮಕ್ಕೆ 2020ರಲ್ಲಾದ ತಿದ್ದುಪಡಿಯ ನಂತರ ಮಂಜೂರಾದ ಯೋಜನೆಗಳಿಗೆ ಮುಕ್ತಾಯದಿಂದ 15 ತಿಂಗಳ ಗಡುವಿದೆ. ಕೃಷ್ಣಾ ಮೇಲ್ದಂಡೆಯ ಆಲಮಟ್ಟಿ ಅಣೆಕಟ್ಟಿನ ಹಳೆಯ ಸಾಲಗಳು ಎಂದೋ ಮುಗಿದಿರುವುದರಿಂದ ಮುಳುಗಡೆಯ ಹಳೆ ಬಾಕಿಗೆ ಪುನರ್ವಸತಿ ಕಚೇರಿ, ಕೋರ್ಟುಗಳೇ ದಾರಿ.