ಆ ಅಜ್ಜಿಯ ಹೆಸರೇನು?

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಗರಂ ಆಗಿ ನಮ್ಮ ಪತ್ರಿಕೆಗೆ ಪತ್ರ ಬರೆದಿದ್ದಾರೆ: 'ಬುಡಕಟ್ಟಿನವರ ಕತೆ, ಆಚರಣೆ ಬರೆದುಕೊಂಡ ಹಳೇ ಬಿಳಿಯರೆಲ್ಲ ತಲೆಬುರುಡೆ ಅಳೆಯಲು ಬಂದವರು. ಅವರಿಗೆ ಪತ್ರಿಕೆಯಲ್ಲಿ ಇಷ್ಟು ಜಾಗ ಯಾಕೆ?'

ಜನಾಂಗಗಳ ಮೇಲುಕೀಳು ತೋರಿಸಲು ಅಳೆದದ್ದು ನಿಜ, ಮೇಷ್ಟ್ರೇ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿದ್ದ ಭಾಷಾತಜ್ಞ ವಿಲ್‌ಹೆಲ್ಮ್ ಬ್ಲೀಕ್ ಕೂಡ ಕೈದಿಗಳನ್ನು ಬರಿಮೈಯಲ್ಲಿ ನಿಲ್ಲಿಸಿ ಫೋಟೋ ತೆಗೆಸಿದವನೇ. ಒಪ್ಪಿದೆ. ಆದರೆ ಕತೆ ಅಲ್ಲಿಗೇ ಮುಗಿಯುವುದಿಲ್ಲ.

1870ರಲ್ಲಿ ಅಲ್ಲಿನ ಜೈಲಿನಲ್ಲಿ ಕ್ಸಾಮ್ ಎಂಬ ಸಾನ್ ಬುಡಕಟ್ಟಿನ ಭಾಷೆ ಮಾತಾಡುವ ಕೈದಿಗಳಿದ್ದರು. ನಾಲಿಗೆ ಲೊಚಗುಟ್ಟಿಸುವ ಸದ್ದುಗಳೇ ತುಂಬಿದ ಭಾಷೆ. ಬ್ಲೀಕ್ ಸರ್ಕಾರದ ಒಪ್ಪಿಗೆ ಪಡೆದು ಕೆಲವರನ್ನು ಮನೆಗೇ ಕರೆತಂದ. ಮರುವರ್ಷ ಬಂದವನು ಕಾಬೊ. ಹೆಸರಿನ ಅರ್ಥ 'ಕನಸು'. ಜಾನುವಾರು ಕದ್ದನೆಂದು ಒಳಗೆ ಹಾಕಿದ್ದರು. ಊರಿನ, ಹೆಂಡತಿಯ ನೆನಪು ಕಾಡುತ್ತಿದ್ದರೂ ಶಿಕ್ಷೆ ಮುಗಿದ ಮೇಲೆ ಎರಡು ವರ್ಷ ಅಲ್ಲೇ ಉಳಿದ, ತನ್ನ ಜನರ ಕತೆ ಪುಸ್ತಕದಲ್ಲಿ ಬರಲಿ ಎಂದು. ಬ್ಲೀಕ್‌ನ ನಾದಿನಿ ಲೂಸಿ ಲಾಯ್ಡ್ ಅವನ ಮಾತನ್ನು ಅವನ ಭಾಷೆಯಲ್ಲೇ ಬರೆದುಕೊಂಡು, ಪಕ್ಕದಲ್ಲಿ ಇಂಗ್ಲಿಷ್ ಬರೆದಳು. ತಾರೀಕು, ಹೇಳಿದವರ ಹೆಸರು ಸಮೇತ. 1875ರಲ್ಲಿ ಬ್ಲೀಕ್ ಸತ್ತ. ಆಕೆ ಬಿಡಲಿಲ್ಲ. ಅವನ ಲೈಬ್ರರಿ ಕೆಲಸವನ್ನು ಅರ್ಧ ಸಂಬಳಕ್ಕೆ ಮಾಡಿದಳು (ಹೆಂಗಸಿಗೆ ಅಷ್ಟು ಸಾಕು ಅಂತಿರಬೇಕು). ಪುಸ್ತಕ ಹೊರಬಂದದ್ದು 1911ರಲ್ಲಿ!

ಇವತ್ತು ಕ್ಸಾಮ್ ಮಾತಾಡುವವರು ಯಾರೂ ಇಲ್ಲ. ಆದರೂ 2000ದಲ್ಲಿ ದಕ್ಷಿಣ ಆಫ್ರಿಕಾ ತನ್ನ ಲಾಂಛನದ ಧ್ಯೇಯವಾಕ್ಯವನ್ನು ಅದೇ ಭಾಷೆಯಲ್ಲಿ ಬರೆಸಿತು. ಆ ನೋಟ್‌ಬುಕ್ಕುಗಳು ಇರದಿದ್ದರೆ ಯಾರನ್ನು ಕೇಳಿ ಬರೆಸುತ್ತಿದ್ದರು, ಹೇಳಿ? ಕೇಂಬ್ರಿಜ್‌ನಲ್ಲಿ ಕೂತು, ಬೇರೆಯವರು ಬರೆದದ್ದನ್ನು ಓದಿ ಮಾನವಶಾಸ್ತ್ರಜ್ಞ ಫ್ರೇಜರ್ ಹೊಸೆದ 'ದಿ ಗೋಲ್ಡನ್ ಬೌ' ಪುಸ್ತಕದ 12 ಸಂಪುಟಕ್ಕಿಂತ ಕಾಬೊ ಹೇಳಿದ ಒಂದು ಪುಟ ನನಗೆ ಜಾಸ್ತಿ.

ಬಿಳಿಯರನ್ನು ಬೈಯುವುದು ಸುಲಭ. ನಾವೇನು ಮಾಡಿದ್ದೇವೆ? ಬೀಸುವ ಪದ ಹೇಳುವುದರಲ್ಲಿ ನಮ್ಮ ಸೋದರತ್ತೆಗೆ ಸಾಟಿಯಿರಲಿಲ್ಲ. ಸಂಶೋಧಕರೊಬ್ಬರು ಎರಡು ಸಂಜೆ ಕೂತು ಟೇಪ್ ಮಾಡಿಕೊಂಡು ಹೋದರು. ಪುಸ್ತಕ ಬಂತು. ಸಂಗ್ರಹಿಸಿದವರ ಹೆಸರು ದಪ್ಪಕ್ಷರದಲ್ಲಿ. ನಮ್ಮತ್ತೆ? 'ಹಾಡಿದವರು: ಒಬ್ಬ ವೃದ್ಧೆ'. ಕ್ಯಾಸೆಟ್ ಕೇಳಿದರೆ, ಅದರ ಮೇಲೆ ಯಾರೋ ಸಿನಿಮಾ ಹಾಡು ತುಂಬಿಸಿಬಿಟ್ಟಿದ್ದರಂತೆ. ನಮ್ಮ ಪತ್ರಿಕೆಯೂ ಸಾಚಾ ಅಲ್ಲ. ಹಳೇ ಸಂಚಿಕೆ ತೆಗೆದರೆ ಇಂಥ 'ವೃದ್ಧೆ'ಯರು ಬೇಕಾದಷ್ಟು ಸಿಗುತ್ತಾರೆ.

ಅಂದಹಾಗೆ, ಪತ್ರದ ಜೊತೆ ಒಂದು ಸೋಬಾನೆ ಪದ ಕಳಿಸಿದ್ದೀರಿ. 'ನಮ್ಮೂರಿನ ಅಜ್ಜಿಯಿಂದ ಕೇಳಿದ್ದು' ಅಂತ ಕೆಳಗಿದೆ. ಪದ ಬಹಳ ಚೆನ್ನಾಗಿದೆ, ಖಂಡಿತ ಹಾಕುತ್ತೇವೆ. ಆ ಅಜ್ಜಿಯ ಹೆಸರು ಬರೆದು ಕಳಿಸಿ.